ಗೀಜಗ ಮಾಡಿಸಿದ ವಿಮೆ

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಗಂಡು ಗೀಜಗವೊಂದು ಗೂಡು ನೇಯುತ್ತಿತ್ತು. ಅರ್ಧ ಮುಗಿದಾಗ ಗೊರವಂಕ ಬಂದು ಹೇಳಿತು: "ಗೂಡಿಗೆ ವಿಮೆ ಮಾಡಿಸು. ದಿನಕ್ಕೊಂದು ಭತ್ತದ ತೆನೆ ಕೊಟ್ಟರೆ, ಗಾಳಿಗೆ ಗೂಡು ಬಿದ್ದ ದಿನ ಹೊಸದಕ್ಕೆ ಬೇಕಾದ ಹುಲ್ಲು ನಾನು ತರುತ್ತೇನೆ. ಎರಡು ತೆನೆ ಕೊಟ್ಟರೆ ಒಳಗಿರುವುದಕ್ಕೂ ನಾನೇ ಹೊಣೆ."

"ಒಳಗೆ ಏನೂ ಇಲ್ಲ. ಗೂಡಿಗಷ್ಟೇ ಸಾಕು," ಎಂದಿತು ಗೀಜಗ. ಗೂಡನ್ನು ಈಚಲು ಗರಿಗೆ ಬಿಗಿದ ಗಂಟಿಗೆ ಇನ್ನೊಂದು ಸುತ್ತು ಹಾಕಬೇಕಿತ್ತು. ವಿಮೆಯಿದೆಯಲ್ಲ ಎಂದು ಹಾಗೇ ಬಿಟ್ಟಿತು.

ಗೀಜಗಗಳಲ್ಲಿ ಹೆಣ್ಣು ಬಂದು ನೋಡಿ ಒಪ್ಪಿದ ಮೇಲೆಯೇ ಗೂಡು ಪೂರ್ತಿಯಾಗುವುದು. ಮರುದಿನ ಬಂದ ಹೆಣ್ಣು ಗೀಜಗ ಕೊಕ್ಕಿನಿಂದ ಗಂಟನ್ನು ಎಳೆದು ನೋಡಿತು.

"ಸಡಿಲವಾಗಿದೆ."

"ಚಿಂತೆಯಿಲ್ಲ. ಬಿದ್ದರೆ ಗೊರವಂಕ ಹುಲ್ಲು ತರುತ್ತದೆ."

"ಒಳಗಿನದಕ್ಕೆ?"

"ಒಳಗೆ ಈಗ ಏನಿದೆ?"

"ಈಗ ಏನೂ ಇಲ್ಲ. ಇಡುವುದಕ್ಕೆಂದೇ ನಾನು ಗೂಡು ನೋಡುತ್ತಿರುವುದು."

ಪಕ್ಕದ ಗರಿಯಲ್ಲಿದ್ದ ಗೊರವಂಕ ಹತ್ತಿರ ಸರಿಯಿತು. "ಇನ್ನೊಂದು ತೆನೆ ಸೇರಿಸಿ, ಅದಕ್ಕೂ ವಿಮೆ ಮಾಡೋಣ."

"ಮೊಟ್ಟೆ ಬಾವಿಗೆ ಬಿದ್ದರೆ ಏನು ಕೊಡುತ್ತೀರಿ?" ಎಂದಿತು ಹೆಣ್ಣು.

"ಅದರ ತೂಕದಷ್ಟು ಭತ್ತ."

ಹೆಣ್ಣು ಬಗ್ಗಿ ಬಾವಿಯ ನೀರನ್ನು ನೋಡಿತು. "ಹುಲ್ಲು ಹೋದರೆ ಹುಲ್ಲು ಕೊಡುತ್ತೀರಿ, ಅದು ನ್ಯಾಯ. ಗೂಡಿನ ವಿಮೆ ಇರಲಿ," ಎಂದು ಗೊರವಂಕಕ್ಕೆ ಹೇಳಿ, ಗಂಡಿನ ಕಡೆ ತಿರುಗಿತು. "ಭತ್ತಕ್ಕೆ ನಾನು ಕಾವು ಕೊಡಲಾರೆ. ನೀನು ಗಂಟು ಬಿಗಿ."

ಗಂಡು ಇನ್ನೊಂದು ಸುತ್ತು ಹಾಕತೊಡಗಿತು. ಅದು ಮುಗಿಯುವವರೆಗೂ ಹೆಣ್ಣು ಬೇರೆ ಗೂಡು ನೋಡಲು ಹೋಗಲಿಲ್ಲ.