ನೂರಾ ಹನ್ನೆರಡು ಚೀಟಿ

ಹೊಳೆಯ ದಂಡೆಯ ಆ ಮಠದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ದೀಕ್ಷೆ ಬೇಕೆಂದು ಬಂದವರಿಗೆ ಅಡವಯ್ಯಜ್ಜ ಮಂತ್ರ ಕೊಡುತ್ತಿರಲಿಲ್ಲ. ಒಂದು ಇಂಗ್ಲಿಷ್ ಪದ ಕೊಡುತ್ತಿದ್ದರು.

ಕೇಳಿದವರು ನಗುತ್ತಿದ್ದರು. ನಗಲಿ ಬಿಡಿ. ಅಜ್ಜ ಮಠಕ್ಕೆ ಬರುವ ಮೊದಲು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಕಲಿಸಿದ ಪದಗಳು ಶಾಲೆಯ ಗೇಟು ದಾಟಿದ ಮೇಲೆ ಎಲ್ಲಿಗೆ ಹೋಗುತ್ತವೆ ಎಂಬ ಕುತೂಹಲ ಅವರನ್ನು ಬಿಟ್ಟಿರಲಿಲ್ಲ. ಬಸ್ಸು, ಲೈನು, ಫೇಲು, ಟೈಮು. ಒಂದಕ್ಷರ ಓದದವರ ಬಾಯಲ್ಲೂ ಇವು ಬಂದು ಕೂತಿದ್ದವು. ಅಲ್ಲಿ ಏನು ಮಾಡುತ್ತಿವೆ ಎಂದು ಅವರಿಗೆ ನೋಡಬೇಕಿತ್ತು.

ಹಾಗಾಗಿ ಒಬ್ಬ ಶಿಷ್ಯನಿಗೆ ಒಂದು ಪದ. ಅವನು ಊರೂರು ತಿರುಗಬೇಕು, ಜನ ಆ ಪದವನ್ನು ಯಾವ ಯಾವ ಅರ್ಥದಲ್ಲಿ ಆಡುತ್ತಾರೆ ಎಂದು ಕೇಳಬೇಕು, ಒಂದು ಅರ್ಥಕ್ಕೆ ಒಂದು ಚೀಟಿ ಬರೆಯಬೇಕು. ಪುಸ್ತಕ ನೋಡುವಂತಿಲ್ಲ. ಆಡಿದವರ ಹೆಸರು, ಊರು ಚೀಟಿಯ ಕೆಳಗೆ ಇರಬೇಕು. ಪದ ಪೂರ್ತಿಯಾಯಿತು ಎಂದು ಅಜ್ಜನಿಗೆ ಅನ್ನಿಸಿದ ದಿನ ದೀಕ್ಷೆ.

ಸೋಮನಿಂಗ ಬಂದಾಗ ಅಜ್ಜ ಅವನಿಗೇ ಆರಿಸಿಕೊಳ್ಳಲು ಬಿಟ್ಟರು. ಬಿ.ಎ. ಪಾಸಾದ ಹುಡುಗ, ಲೆಕ್ಕ ಹಾಕಿದ. ‘ಸೆಟ್’ ಎಂದ. ಇಂಗ್ಲಿಷಿನಲ್ಲಿ ಮೂರೇ ಅಕ್ಷರ, ಒಂದು ಚಳಿಗಾಲದಲ್ಲಿ ಮುಗಿಸಿಬಿಡಬಹುದು.

“ಸಣ್ಣದು ನೋಡಿ ತಗೊಂಡಿ,” ಎಂದರು ಅಜ್ಜ. “ಆಗಲಿ.”

ಮೂರು ವರ್ಷ ಹಿಡಿಯಿತು.

ಅವನ ಜೊತೆಗೆ ಬಂದವರೆಲ್ಲ ದೀಕ್ಷೆ ಪಡೆದು ಹೋಗಿದ್ದರು. ಇತ್ತ ಅಜ್ಜನಿಗೆ ಎಂಬತ್ತಮೂರು ತುಂಬಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅಜ್ಜ ಹೋದರೆ ದೀಕ್ಷೆ ಕೊಡುವವರು ಬೇರೆ ಯಾರೂ ಇಲ್ಲ. ಸೋಮನಿಂಗನಿಗೆ ಒಳಗೊಳಗೇ ಹೆದರಿಕೆ ಹತ್ತಿತ್ತು. ಆ ಹೆದರಿಕೆಯಲ್ಲೇ ಓಡಾಡಿ, ಓಡಾಡಿ, ಒಂದು ದಿನ ಮಧ್ಯಾಹ್ನ ಚೀಟಿಗಳ ಕಟ್ಟು ತಂದು ಅಜ್ಜನ ಮುಂದೆ ಇಟ್ಟ.

“ನೂರಾ ಹನ್ನೆರಡು ಅರ್ಥ ಅದಾವ್ರಿ ಅಜ್ಜಾರ. ಇನ್ನ ಎಲ್ಲಿ ಹೋದ್ರೂ ಹೊಸಾದು ಸಿಗವಲ್ದು. ಮುಗೀತು.”

ಅಜ್ಜ ಕಟ್ಟು ಬಿಚ್ಚಿದರು. ಒಂದು ಚೀಟಿ ತೆಗೆದು ಕಣ್ಣ ಹತ್ತಿರ ಹಿಡಿದು ಓದಿದರು.

“ಮುರಿದ ಎಲುಬು ಕೂಡುವುದು. ಆಡಿದವರು ಕುಂಬಾರ ರಾಚವ್ವ. ಹೌದೇನು? ಏನಂದ್ಲು ಆಕಿ?”

“ಎಲುಬು ಕಟ್ಟೋ ವೈದ್ಯರ ಮುಂದ ನಿಂತಿದ್ಲ್ರಿ. ನಮ್ಮನಿಯವರ ಮಣಿಕಟ್ಟು ಸೆಟ್ ಆಗತೈತೇನ್ರಿ, ಅಂತ ಕೇಳಿದ್ಲು. ನಾ ಪಟ್ಟನ ಬರಕೊಂಡೆ.”

“ಆತೇನು?”

“ಏನ್ರಿ?”

“ಮಣಿಕಟ್ಟು.”

ಸೋಮನಿಂಗ ಅದನ್ನು ನೋಡಿರಲಿಲ್ಲ. ಚೀಟಿ ಬರೆದವನೇ ಅಂದು ಬಸ್ಸು ಹಿಡಿಯಲು ಓಡಿದ್ದ.

ಅಜ್ಜ ಇನ್ನೊಂದು ತೆಗೆದರು. “ಗಡಿಯಾರಕ್ಕೆ ಸರಿಯಾದ ವೇಳೆ ಇಡುವುದು. ಆಡಿದವರು ವಾಚ್ ರಿಪೇರಿ ಖಾದರಸಾಬ್.”

“ಒಬ್ಬ ಹೆಣ್ಣುಮಗಳು, ಯಾರೋ ಬಾಯಾರು, ಕೈಗಡಿಯಾರ ತಂದಿದ್ರು. ಟೈಮ್ ಸೆಟ್ ಮಾಡ್ಲೇನ್ರಿ, ಅಂತ ಅವ ಕೇಳಿದ.”

“ಆ ಬಾಯಾರು ಏನಂದ್ರು?”

“ಅದನ್ನ ಕೇಳ್ಲಿಲ್ರಿ. ಖಾದರಸಾಬ ಸೆಟ್ ಅಂದಿದ್ದ, ನನ್ನ ಕೆಲಸ ಮುಗದಿತ್ತು.”

ಮೂರನೆಯದು ಅಜ್ಜ ತೆಗೆಯಲಿಲ್ಲ. ಚೀಟಿಗಳನ್ನು ಜೋಡಿಸಿ, ಮೊದಲಿನಂತೆಯೇ ದಾರ ಸುತ್ತಿ, ಕಟ್ಟನ್ನು ಅವನ ಕೈಗೆ ಕೊಟ್ಟರು.

“ನೂರಾ ಹನ್ನೆರಡು ಮಂದಿ ಮಾತು ಅರ್ಧಕ್ಕ ಬಿಟ್ಟು ಬಂದಿ,” ಎಂದರು. “ಹೋಗು. ಏನಾತು ಅಂತ ಕೇಳಿಕೊಂಡು ಬಾ.”

“ಅಜ್ಜಾರ, ಇದು ನಿಘಂಟು. ಆಕಿ ಗಂಡನ ಕೈ ಏನಾದ್ರ ನಿಘಂಟಿಗೆ ಏನ್ರಿ?”

ಅಜ್ಜ ಬಾಗಿಲ ಕಡೆ ಕೈ ತೋರಿಸಿದರು.

ಸೋಮನಿಂಗ ಕಟ್ಟನ್ನು ಬಗಲಿಗೆ ಇಟ್ಟುಕೊಂಡ. ಹೇಳಬಾರದು ಅಂದುಕೊಂಡಿದ್ದು ಬಾಯಿಗೆ ಬಂದೇಬಿಟ್ಟಿತು. “ಒಂದು ವರ್ಷ ಹಿಡೀತೈತ್ರಿ. ಅಷ್ಟರಾಗ ನೀವು...”

“ನಾ ಸತ್ತರ ಸಾಯ್ತೀನಿ ತಮ್ಮಾ. ಅವರು ಇರೂದ್ರಾಗ ಹೋಗು.”

ಸಿಟ್ಟು ಬರದೆ ಇರುತ್ತದೆಯೇ? ಬಂತು. ಹೊಳೆ ದಾಟುವವರೆಗೂ ಅವನು ಅಜ್ಜನನ್ನು ಮನಸ್ಸಿನಲ್ಲೇ ಬೈಯುತ್ತ ಹೋದ. ಅರಳುಮರಳು ಎಂದೂ ಅಂದುಕೊಂಡ. ಬೇಗ ಬೇಗ ಕೇಳಿಕೊಂಡು ಬಂದುಬಿಡೋಣ, ದಿನಕ್ಕೆ ಮೂರು ಮನೆ, ಎಂದು ಲೆಕ್ಕ ಹಾಕಿಕೊಂಡ. ಲೆಕ್ಕ ಹಾಕುವ ಚಟ ಅವನಿಗೆ ಇನ್ನೂ ಹೋಗಿರಲಿಲ್ಲ.

ಮೊದಲು ರಾಚವ್ವನ ಮನೆ.

ಅಂಗಳದಲ್ಲಿ ಗಡಿಗೆ ಮಾಡುವ ತಿಗರಿ ತಿರುಗುತ್ತಿತ್ತು. ತಿಗರಿಯ ಮುಂದೆ ಕೂತವಳು ರಾಚವ್ವ. ಮಗ್ಗುಲಲ್ಲಿ ಅವಳ ಗಂಡ ಕೂತಿದ್ದ. ಅವನ ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗೆ ಕೂಡಿಕೊಂಡಿತ್ತು.

“ಕೈ ಸೆಟ್ ಆತೇನವ್ವಾ ಅಂತ ಕೇಳಾಕ ಬಂದೆ,” ಎಂದ ಸೋಮನಿಂಗ. ಹೇಳುವಾಗಲೇ ನಾಚಿಕೆಯಾಯಿತು. ಎರಡು ವರ್ಷ ತಡವಾಗಿತ್ತು.

“ಆತಪಾ. ಹಿಂಗ ಆತು,” ಎಂದಳು ರಾಚವ್ವ, ಕಣ್ಣು ಮಣ್ಣಿನ ಮೇಲೇ ಇಟ್ಟು. “ಊಟ ಮಾಡಾಕ ಬರತೈತಿ. ತಿಗರಿಗೆ ಬರೂದಿಲ್ಲ.”

ಅವರಲ್ಲಿ ಹೆಂಗಸರು ತಿಗರಿ ಮುಟ್ಟುವ ವಾಡಿಕೆ ಇರಲಿಲ್ಲ. ಓಣಿಯವರು ಆರು ತಿಂಗಳು ಮಾತು ಬಿಟ್ಟಿದ್ದರು. ಗಂಡ ಒಂದೇ ಒಂದು ದಿನವೂ ಬೇಡ ಅನ್ನಲಿಲ್ಲ. ಮಗ್ಗುಲಲ್ಲಿ ಕೂತು ಕಲಿಸಿದ. ಈಗಲೂ ಅವನು ಕಣ್ಣು ಮುಚ್ಚಿಕೊಂಡು, ತಿಗರಿಯ ಸಪ್ಪಳವನ್ನಷ್ಟೇ ಕೇಳುತ್ತ, “ಈಗ ಒತ್ತು,” ಎನ್ನುತ್ತಿದ್ದ. ಅವಳು ಒತ್ತುತ್ತಿದ್ದಳು. “ಬಿಡು,” ಎನ್ನುತ್ತಿದ್ದ. ಬಿಡುತ್ತಿದ್ದಳು. ಅವಳ ಕೈಯೊಳಗೆ ಗಡಿಗೆಯ ಬಾಯಿ ತನ್ನಷ್ಟಕ್ಕೆ ಅರಳಿಕೊಂಡಿತು.

ಸೋಮನಿಂಗ ಸಂಜೆಯವರೆಗೂ ಅಲ್ಲೇ ಕೂತ. ದಿನಕ್ಕೆ ಮೂರು ಮನೆಯ ಲೆಕ್ಕ ಅಲ್ಲಿಗೇ ಬಿತ್ತು. ಎದ್ದು ಹೊರಡುವಾಗ, ಯಾಕೆಂದು ಗೊತ್ತಿಲ್ಲದೆ, ಇಬ್ಬರಿಗೂ ಕೈಮುಗಿದ.

ಆಮೇಲೆ ಖಾದರಸಾಬ. ಅವನಿಗೆ ಆ ಬಾಯಾರು ಚೆನ್ನಾಗಿ ನೆನಪಿದ್ದರು.

“ಮರೀತೀನೇನ್ರಿ ಅವರನ್ನ? ಗಂಡ ತೀರಿಕೊಂಡು ಒಂದು ತಿಂಗಳಾಗಿತ್ತು. ಗಂಡನ ವಾಚು ಅದು. ಸೆಲ್ ಹಾಕಿ, ಟೈಮ್ ಸೆಟ್ ಮಾಡ್ಲೇನ್ರಿ ಅಂದೆ. ಬ್ಯಾಡ್ರಿ ಅಂದ್ರು. ಹತ್ತು ನಿಮಿಷ ಮುಂದ ಇಡ್ರಿ ಅಂದ್ರು.”

“ಯಾಕಂತ?”

“ಯಜಮಾನ್ರು ಹಂಗ ಇಡ್ತಿದ್ರಂತ. ಬೆಳಗಿನ ಬಸ್ ತಪ್ಪಬಾರ್ದು ಅಂತ.” ಖಾದರಸಾಬ ಕಣ್ಣಿಗೆ ಸಿಕ್ಕಿಸಿದ್ದ ಮಸೂರ ತೆಗೆದು ಒರೆಸಿದ. “ನಲವತ್ತು ವರ್ಷದಾಗ ಯಾರೂ ನನಗ ತಪ್ಪು ಟೈಮ್ ಇಡು ಅಂದಿಲ್ರಿ. ಸೆಕೆಂಡಿನ ಮುಳ್ಳೂ ಬಿಡದಂಗ ನೋಡಿ, ಬರೋಬ್ಬರಿ ಹತ್ತು ನಿಮಿಷ ಮುಂದ ಇಟ್ಟು ಕೊಟ್ಟೆ.”

ಈ ಮಾತು ನಡೆದಾಗ ಸೋಮನಿಂಗ ಅದೇ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಚೀಟಿ ಮಡಚಿ ಕಿಸೆಗೆ ಹಾಕುತ್ತಿದ್ದ. ಇಷ್ಟು ದೊಡ್ಡದೊಂದು ಅವನ ಬೆನ್ನ ಹಿಂದೆ ನಡೆದುಹೋಗಿತ್ತು, ಅವನಿಗೆ ಕೇಳಿಸಿರಲೇ ಇಲ್ಲ.

ಅಂದಿನಿಂದ ಅವನ ನಡಿಗೆ ನಿಧಾನವಾಯಿತು.

ಬ್ಯಾಂಡ್ ಸೆಟ್ಟಿನವರ ಜೊತೆ ಎರಡು ಮದುವೆ ತಿರುಗಿದ. ನಾಟಕದ ಕಂಪನಿಯಲ್ಲಿ ಅರಮನೆ ಸೆಟ್ಟಿನ ಪರದೆ ಬರೆಯುವ ಮುದುಕನಿಗೆ ಬಣ್ಣ ಕಲಸಿ ಕೊಟ್ಟ. ಆ ಮುದುಕ ಹುಟ್ಟಿದಾಗಿನಿಂದ ಒಂದೇ ಕೋಣೆಯ ಮನೆಯಲ್ಲಿದ್ದ, ಅರಮನೆಗಳನ್ನು ಮಾತ್ರ ಇನ್ನೂರರ ಮೇಲೆ ಬರೆದಿದ್ದ. “ಮಗಳಿಗೆ ಗಂಡು ಸೆಟ್ ಆತು” ಎಂದು ಪೇಡೆ ಹಂಚಿದ್ದ ಕಂಡಕ್ಟರನ ಮನೆಗೆ ಹೋದರೆ, ಆ ಮಗಳೇ ಬಾಗಿಲು ತೆರೆದಳು. ಮದುವೆ ಮುರಿದಿತ್ತು. “ಚಲೋ ಆತ್ರಿ,” ಎಂದು ಅವಳು ಚಹಾ ಕೊಟ್ಟಳು. ಒಳಗೆ ಕೂತಿದ್ದ ಅಪ್ಪ ಮಾತ್ರ ಹೊರಗೆ ಬರಲಿಲ್ಲ. ಸೋಮನಿಂಗ ಒಳಗೆ ಹೋಗಿ ಅವನ ಮಗ್ಗುಲಲ್ಲಿ ಕೂತುಕೊಂಡ.

ಎಲ್ಲೋ ದೂರದ ದೇಶದ ಒಂದು ಪುಟ್ಟ ಪದ. ಸಮುದ್ರ ದಾಟಿ ಬಂದು, ಕರೆಯದೆ ಇವರೆಲ್ಲರ ಮನೆಯೊಳಗೆ ಹೊಕ್ಕು, ಇವರ ದುಃಖ ಸುಖ ಎಲ್ಲ ಹೊತ್ತುಕೊಂಡು ನಿಂತಿದೆ. ಇದನ್ನು ನೆನೆದು ಸೋಮನಿಂಗ ದಾರಿಯಲ್ಲೇ ನಿಂತುಬಿಡುತ್ತಿದ್ದ. ಇದನ್ನೇ ಅವನು ಸಣ್ಣದು ನೋಡಿ ತಗೊಂಡಿದ್ದ.

ಒಂದು ವರ್ಷ ಅಂದದ್ದು ಒಂದೂವರೆ ಆಯಿತು. ಅಜ್ಜ ಹಾಸಿಗೆ ಹಿಡಿದಿದ್ದಾರೆ ಎಂಬ ಸುದ್ದಿ ದಾರಿಯಲ್ಲೇ ಸಿಕ್ಕಿತು. ಉಳಿದದ್ದು ಎರಡೇ ಮನೆ. ಅವನ್ನು ಮುಗಿಸಿಯೇ ಮಠದ ದಾರಿ ಹಿಡಿದ.

ಮಠಕ್ಕೆ ಬಂದಾಗ ಹೊತ್ತು ನೆತ್ತಿಯಿಂದ ಸ್ವಲ್ಪ ಇಳಿದಿತ್ತು. ಅಜ್ಜ ಗೋಡೆಗೆ ಒರಗಿ ಕೂತಿದ್ದರು. ಅರ್ಧ ಆಗಿದ್ದರು. ಸೋಮನಿಂಗ ಕಾಲಿಗೆ ಬಿದ್ದವನು ಕೂಡಲೇ ಏಳಲಿಲ್ಲ.

“ಕೇಳಿಕೊಂಡು ಬಂದೇನು?”

“ಬಂದೀನ್ರಿ.”

“ಎಷ್ಟು ಅರ್ಥ ಆದವು ಈಗ?”

“ಎಣಿಸ್ಲಿಲ್ರಿ ಅಜ್ಜಾರ.”

ಅಜ್ಜ ಅವನ ಮುಖ ನೋಡಿದರು. ಆಮೇಲೆ ಅವನ ಪಂಚೆ ನೋಡಿದರು. ಮೊಳಕಾಲಿನವರೆಗೆ ಒದ್ದೆಯಾಗಿತ್ತು. ಕೈಗೆಲ್ಲ ಸಿಮೆಂಟಿನ ಬೂದಿ ಬಣ್ಣ.

“ಇದೇನಿದು?”

“ಇಲ್ಲೇ, ತೋಪಿನ ಆಚಿಗೆ, ಗದಿಗೆವ್ವ ಅನ್ನಾಕಿ ಒಂದು ಖೋಲಿ ಕಟ್ಟಿಸ್ಯಾಳ್ರಿ. ನಿನ್ನೆ ಸಿಮೆಂಟು ಬಳದಾರ. ಇವತ್ತ ಮಗಳಿಗೆ ಹೆರಿಗಿ ಬ್ಯಾನಿ ಸುರುವಾತು, ದವಾಖಾನಿಗೆ ಕರಕೊಂಡು ಹೋದ್ಲು. ಆಕಿಗೆ ಬ್ಯಾರೆ ಯಾರೂ ಇಲ್ಲ. ನಾ ದಾರಿ ಹಿಡಿದು ಹೊಂಟಿದ್ದೆ. ಸೆಟ್ ಆಗೂ ತನಕ ನೀರು ಹಾಕೋ ಯಪ್ಪಾ ಅಂತ ಕೊಡ ಕೈಯಾಗ ಇಟ್ಟು ಓಡಿದ್ಲು. ಒಂದು ಸರ್ತಿ ತೋಯಿಸಿ, ನಿಮ್ಮನ್ನ ನೋಡಿ ಹೋಗಾಕ ಬಂದೀನ್ರಿ.”

“ಚೀಟಿ ಬರಕೊಂಡೇನು?”

“ಕೈಯಾಗ ಕೊಡ ಇತ್ರಲ್ಲ.”

ಅಜ್ಜ ಸಣ್ಣಗೆ ಕೆಮ್ಮಿದರು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

“ಹೊಳಿಗೆ ಹೋಗಿ ಮೈ ತೊಳಕೊಂಡು ಬಾ,” ಎಂದರು. “ದೀಕ್ಷಾ ಕೊಡ್ತೀನಿ. ಈಗ.”

ನಾಲ್ಕೂವರೆ ವರ್ಷ ಸೋಮನಿಂಗ ಈ ಒಂದು ಮಾತಿಗೆ ಕಾದಿದ್ದ. ದೀಕ್ಷೆಗೆ ಕೂತವನು ಹೊತ್ತು ಮುಳುಗುವವರೆಗೆ ಏಳುವಂತಿಲ್ಲ, ಅದು ಮಠದ ಕಟ್ಟಳೆ. ಹೊರಗೆ ಬಿಸಿಲು ಕಾಯ್ದ ಹಂಚಿನಂತೆ ಸುಡುತ್ತಿತ್ತು. ಇಷ್ಟು ಬಿಸಿಲಿಗೆ ನೀರಿಲ್ಲದೆ ಬಿಟ್ಟರೆ ಹೊತ್ತು ಮುಳುಗುವಷ್ಟರಲ್ಲಿ ಹೊಸ ಗೋಡೆ ಬಿರಿಯುತ್ತದೆ.

“ಸಂಜಿಗೆ ಬರ್ಲೇನ್ರಿ ಅಜ್ಜಾರ?”

“ಸಂಜಿತನಕ ನಾ ಇರ್ತೀನೋ ಇಲ್ಲೋ.”

“ಗೊತ್ತೈತ್ರಿ.”

ಅವನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಇನ್ನೊಮ್ಮೆ ಕಾಲಿಗೆ ಬಿದ್ದು, ಎದ್ದು, ಬಾಗಿಲ ಕಡೆ ನಡೆದ.

ಹೊಸ್ತಿಲ ಹತ್ತಿರ ಹೋಗಿದ್ದಾಗ ಹಿಂದೆ ಸಪ್ಪಳವಾಯಿತು. ತಿರುಗಿ ನೋಡಿದ. ನಾಲ್ಕು ತಿಂಗಳಿಂದ ಯಾರ ಆಸರೆಯೂ ಇಲ್ಲದೆ ಎದ್ದಿರದ ಅಜ್ಜ ಗೋಡೆ ಹಿಡಿದು ಎದ್ದು ನಿಂತಿದ್ದರು. ಒಂದೊಂದೇ ಹೆಜ್ಜೆ ಇಟ್ಟು ಅವನ ಹತ್ತಿರ ಬಂದರು. ಅವನ ಹೆಗಲ ಮೇಲೆ ಕೈ ಇಟ್ಟರು.

ಅಜ್ಜ ಹೊಸ್ತಿಲು ದಾಟಿದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ತೋಪಿನ ಕಡೆ ನೋಡುತ್ತ ಕೇಳಿದರು:

“ಕೊಡ ನನ್ನ ಕೈಲೆ ಆಗೂದಿಲ್ಲ ತಮ್ಮಾ. ಅಲ್ಲೊಂದು ತಂಬಿಗಿ ಸಿಗತೈತೇನು?”