ಚಳಿಗಾಲ ಸಿಗದ ಬೋವಾ

ಕಡಲೂರೊಂದರಲ್ಲಿ ದಯಾನಂದ ನಾಯಕ ಮತ್ತು ಅವನ ಹೆಂಡತಿ ಹೇಮಾವತಿ ಪರದೇಶದ ಹಾವುಗಳನ್ನು ಸಾಕಿ ಜನರಿಗೆ ತೋರಿಸುವ ಹಾವಿನಮನೆ ನಡೆಸುತ್ತಿದ್ದರು. ಅಲ್ಲಿ ಒಂದು ಜೊತೆ ಬೋವಾಗಳಿದ್ದವು. ಬೋವಾ ನಮ್ಮ ಹೆಬ್ಬಾವಿನಂಥದೇ ಹಾವು, ವಿಷವಿಲ್ಲ. ಆದರೆ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ.

ಮರಿಗಳಾದರೆ ನೋಡಲು ಜನ ಮುಗಿಬೀಳುತ್ತಾರೆ ಎಂದು ದಯಾನಂದನಿಗೆ ಆಸೆ. ವರ್ಷಗಳು ಕಳೆದರೂ ಮರಿಯಾಗಲಿಲ್ಲ. ಕೊನೆಗೆ ಪಶುವೈದ್ಯ ಪಾವಸ್ಕರರನ್ನು ಕರೆಸಿದರು. ಗಾಜಿನ ಕೋಣೆಯಲ್ಲಿ ವರ್ಷವಿಡೀ ಒಂದೇ ಸಮನೆ ಕಾವಿನ ದೀಪ ಉರಿಯುತ್ತಿದ್ದುದನ್ನು ಅವರು ನೋಡಿದರು.

“ಇವಕ್ಕೆ ಚಳಿಗಾಲವೇ ಬಂದಿಲ್ಲವಲ್ಲ! ಋತು ಬದಲಾಗದೆ ಇವು ಕೂಡುವುದು ಹೇಗೆ? ಮೊದಲು ಆಹಾರ ನಿಲ್ಲಿಸಿ, ಹೊಟ್ಟೆ ಖಾಲಿಯಾಗಲಿ. ಆಮೇಲೆ ರಾತ್ರಿಯ ಕಾವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಹಗಲು ಬೆಚ್ಚಗಿರಲಿ. ಕೆಲವು ವಾರ ಬಿಟ್ಟು ಹಾಗೆಯೇ ನಿಧಾನವಾಗಿ ಏರಿಸಿ. ತಿಂದ ಹಾವನ್ನು ಮಾತ್ರ ತಣ್ಣಗೆ ಮಾಡಬೇಡಿ. ತಿಂದದ್ದು ಕರಗದೆ ಒಳಗೇ ಕೊಳೆತು ಹಾವು ಸಾಯುತ್ತದೆ,” ಎಂದರು.

ಹೇಮಾವತಿ ಹಾಗೆಯೇ ಶುರುಮಾಡಿದಳು. ಅಷ್ಟರಲ್ಲಿ ತಾಯಿಗೆ ಹುಷಾರಿಲ್ಲವೆಂದು ತವರಿಗೆ ಹೋಗಬೇಕಾಯಿತು. “ಇವಕ್ಕೆ ಏನೂ ತಿನ್ನಿಸಬೇಡಿ,” ಎಂದು ಗಂಡನಿಗೆ ಹೇಳಿಯೇ ಹೊರಟಳು.

ಭಾನುವಾರ ಜನ ಕಿಕ್ಕಿರಿದರು. ಹಾವು ನುಂಗುವುದನ್ನು ತೋರಿಸಿ ಎಂದರು. ದಯಾನಂದ ಎರಡಕ್ಕೂ ದಪ್ಪ ಇಲಿಗಳನ್ನು ಹಾಕಿದ. ಚಪ್ಪಾಳೆ ಬಿತ್ತು. ಸಂಜೆ ಬಾಗಿಲು ಹಾಕುವಾಗ, ‘ಇಷ್ಟಿಷ್ಟೇ ಇಳಿಸುತ್ತ ಕೂತರೆ ಮರಿಯಾಗುವುದು ಯಾವಾಗ?’ ಎಂದುಕೊಂಡ. ದೀಪ ಆರಿಸಿ, ಎಸಿ ಪೂರ್ತಿ ಹಾಕಿ ಮನೆಗೆ ಹೋದ. ಮರುದಿನವೂ ಅದನ್ನು ನಿಲ್ಲಿಸಲಿಲ್ಲ.

ಹೇಮಾವತಿ ಮರಳುವಷ್ಟರಲ್ಲಿ ಗಂಡು ಬೋವಾ ಸತ್ತಿತ್ತು. ಎಸಿ ಇನ್ನೂ ಓಡುತ್ತಿತ್ತು. ಹೆಣ್ಣು ತಿಂದದ್ದನ್ನೆಲ್ಲ ಕಕ್ಕಿ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು.

“ಗಂಡಿಗೆ ಏನೋ ರೋಗ ಇತ್ತು. ಇದಂತೂ ಬಂಜೆ. ಯಾರಿಗಾದರೂ ಕೊಟ್ಟುಬಿಡೋಣ,” ಎಂದ ದಯಾನಂದ.

ಹೇಮಾವತಿಯ ಮೈ ಉರಿದುಹೋಯಿತು. ಮದುವೆಯಾದಾಗಿನಿಂದ ಗಂಡನ ಮನೆಯಲ್ಲಿ ಆ ಮಾತು ಕೇಳಿ ಕೇಳಿ ಅವಳು ಬೆಂದಿದ್ದಳು.

“ಆ ಮಾತು ಇನ್ನೊಮ್ಮೆ ಆಡಬೇಡಿ! ಮಕ್ಕಳಾಗಲಿಲ್ಲವೆಂದು ನಾನೊಬ್ಬಳೇ ಆಸ್ಪತ್ರೆಗಳನ್ನು ಅಲೆದೆ. ‘ನಿಮ್ಮಲ್ಲಿ ದೋಷವಿಲ್ಲ, ಗಂಡನನ್ನು ಕರೆತನ್ನಿ’ ಎಂದು ಡಾಕ್ಟರು ಅಂದರು. ನೀವು ಒಂದು ದಿನ ಬಂದಿರಾ? ನಿಮ್ಮಮ್ಮ ನನ್ನನ್ನು ಬಂಜೆ ಅಂದಾಗ ತಲೆ ತಗ್ಗಿಸಿ ಊಟ ಮಾಡಿದಿರಿ. ಈಗ ಒಂದು ಜೀವ ಕೊಂದು, ಇನ್ನೊಂದಕ್ಕೂ ಅದೇ ಹೆಸರಿಡುತ್ತೀರಾ?”

“ಹಾವಿಗೂ ನಿನಗೂ ಎತ್ತಣಿಂದೆತ್ತ ಸಂಬಂಧ?”

“ಎರಡು ಕಡೆಯೂ ತಪ್ಪು ನಿಮ್ಮದು. ಬೀಗದ ಕೈ ಕೊಡಿ!”

ಅಂದಿನಿಂದ ಗಾಜಿನ ಕೋಣೆಯ ಹತ್ತಿರ ಅವಳು ಅವನನ್ನು ಬಿಡಲಿಲ್ಲ. ಪಾವಸ್ಕರರಿಂದ ಔಷಧ ತಂದು ಹೆಣ್ಣು ಬೋವಾವನ್ನು ಉಳಿಸಿಕೊಂಡಳು. ಮರುವರ್ಷ ಬೇರೆಡೆಯಿಂದ ಗಂಡು ಹಾವೊಂದನ್ನು ತರಿಸಿ, ಅವಸರವಿಲ್ಲದೆ ಚಳಿ ತಂದಳು, ಅವಸರವಿಲ್ಲದೆ ಬಿಸಿಲು ತಂದಳು. ಮಳೆಗಾಲದಲ್ಲಿ ಬೋವಾ ಮರಿ ಹಾಕಿತು.

ಜನ ನೋಡಲು ಬಂದರು. ದಯಾನಂದ ಬಾಗಿಲಲ್ಲಿ ನಿಂತು, “ಎಲ್ಲ ನನ್ನದೇ ಮೇಲ್ವಿಚಾರಣೆ,” ಎನ್ನುತ್ತಿದ್ದ. ಹೇಮಾವತಿ ಹೊರಬಂದು ಎಲ್ಲರೆದುರೇ, “ಮೊದಲಿನ ಗಂಡು ಹಾವನ್ನು ಕೊಂದವರೂ ನೀವೇ. ಬಂದವರಿಗೆ ಅದನ್ನೂ ಹೇಳಿ,” ಎಂದಳು. ದಯಾನಂದ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಅವಳು ಅವನತ್ತ ತಿರುಗಿಯೂ ನೋಡದೆ ಒಳಗೆ ಹೋದಳು.

ನೀತಿ: ಫಲಕ್ಕೆ ಬೇಕಾದ ಕಾಲವನ್ನು ಕೊಡದವನಿಗೆ ಫಲ ಕೇಳುವ ಹಕ್ಕಿಲ್ಲ. ತನ್ನ ತಪ್ಪು ಮುಚ್ಚಲು ಇನ್ನೊಂದು ಜೀವಕ್ಕೆ ಕೆಟ್ಟ ಹೆಸರಿಡುವವನೆದುರು ಸುಮ್ಮನಿರುವುದು ತಾಳ್ಮೆಯಲ್ಲ. ಅಲ್ಲಿ ಸಿಟ್ಟಾಗುವುದೇ ಧರ್ಮ.