ಗಾಡಿ ಏರಿದ ವೀರಗಲ್ಲು

"ಗುರುಗಳೇ, ನಮ್ಮ ಹಿರಿಯರು ಒಳ್ಳೆಯವರೋ ಕೆಟ್ಟವರೋ ಗೊತ್ತಾಗದೆ ಹೋದರೆ ಅವರನ್ನು ನೆನೆಯುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

"ಗೊತ್ತಾದರೆ ಸುಲಭ ಅಂದುಕೊಂಡೆಯಾ? ಕೂತುಕೋ," ಎಂದು ಗುರುಗಳು ನಕ್ಕು ಹೇಳತೊಡಗಿದರು.

ಬಯಲುಸೀಮೆಯಲ್ಲಿ ಒಂದು ಸಣ್ಣ ಊರು. ಊರ ಮುಂದೆ ಒಂದು ವೀರಗಲ್ಲು. ದನಗಳನ್ನು ದೋಚಲು ಬಂದವರೊಡನೆ ಕಾದಾಡಿ ಸತ್ತ ಒಬ್ಬ ವೀರನನ್ನು ಅದರಲ್ಲಿ ಕೆತ್ತಿದ್ದರು. ಊರಿನವರೆಲ್ಲ ತಾವು ಆ ವೀರನ ವಂಶದವರೆಂದು ನಂಬಿದ್ದರು. ಮಹಾಲಯ ಅಮಾವಾಸ್ಯೆಯ ದಿನ ಕಲ್ಲಿಗೆ ಎಣ್ಣೆ ಎರೆಯುವುದು ಒಬ್ಬ ರೈತನ ಮನೆತನಕ್ಕೆ ಬಂದ ಕೆಲಸ. ಅವನಿಗೆ ಅದರ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ತಾನು ಯಾರ ವಂಶದವನೆಂದು ಹೇಳದೆ ಬಿಡುತ್ತಿರಲಿಲ್ಲ.

ಒಮ್ಮೆ ಅವನು ಮಗನಿಗೆ ಹೆಣ್ಣು ಕೇಳಲು ಹಳ್ಳದಾಚೆಯ ಊರಿಗೆ ಹೋದ. ಅಲ್ಲಿಯೂ ವಂಶದ ಮಾತೆತ್ತಿದ. ಹುಡುಗಿಯ ಅಜ್ಜ ಪೂರ್ತಿ ಕೇಳಿಸಿಕೊಂಡು ಹೇಳಿದ:

"ಆ ಕಲ್ಲಿನಾಗಿರೋನು ನಮ್ಮೋನು ಕಣಪ್ಪ. ನಿಮ್ಮೂರಾಗೆ ಮೊದ್ಲು ಇದ್ದೋರು ನಾವು. ದನ ಹೊಡ್ಕಂಡು ಹೋಗಾಕೆ ಬಂದು, ಅವನನ್ನ ಕೊಂದು, ಅಲ್ಲೇ ಉಳ್ಕಂಡೋರು ನಿಮ್ಮೋರು. ಹೆಣ್ಣು ಹೆಂಗೆ ಕೊಡಾನ ಹೇಳು?"

ರೈತ ಮುಖ ಸಣ್ಣದು ಮಾಡಿಕೊಂಡು ಊರಿಗೆ ಬಂದ. ಊರು ಸೇರಿತು. ಮುದುಕ ಸುಳ್ಳು ಹೇಳುತ್ತಾನೆ ಎಂದು ಕೆಲವರು ಕೂಗಾಡಿದರು. ಆದರೆ ಊರಿಗೇ ಹಿರಿಯಳಾದ ಮುದುಕಿಯೊಬ್ಬಳು, ತನ್ನ ಅತ್ತೆಯೂ ಹಾಗೆಯೇ ಹೇಳುತ್ತಿದ್ದಳೆಂದಳು. ಇಷ್ಟು ಕಾಲ ಪೂಜೆ ಮಾಡಿದ್ದು ಯಾರಿಗೆ, ಮಾಡಿದ ನಾವು ಯಾರು ಎಂದು ಒಬ್ಬರಿಗೂ ತಿಳಿಯಲಿಲ್ಲ. ಕೊನೆಗೆ, ಅವರ ವೀರನನ್ನು ಅವರಿಗೇ ಒಪ್ಪಿಸಿಬಿಡುವುದು ಎಂದಾಯಿತು. ಕಲ್ಲು ಕಿತ್ತು ರೈತನ ಗಾಡಿಗೆ ಏರಿಸಿದರು. ಕಲ್ಲು ಕೊಟ್ಟರೆ ಹೆಣ್ಣು ಕೊಟ್ಟಾರೇನೋ ಎಂಬ ಸಣ್ಣ ಆಸೆಯೂ ಅವನಿಗಿತ್ತು.

ಅಜ್ಜ ಗಾಡಿಯನ್ನೂ ಕಲ್ಲನ್ನೂ ನೋಡಿದ.

"ನಮ್ಮೋರು ಜೀವ ಉಳಿದ್ರೆ ಸಾಕು ಅಂತ ಓಡಿ ಬಂದೋರು. ತಿರುಗಿ ಆ ಕಡೆ ಕಾಲಿಟ್ಟಿಲ್ಲ. ಈ ಕಲ್ಲು ನಾವು ನಿಲ್ಸಿದ್ದಲ್ಲ, ಇದರ ಪೂಜೆ ನಮಗೆ ಗೊತ್ತಿಲ್ಲ. ತಗಂಡು ಹೋಗು."

ರೈತ ಗಾಡಿಯನ್ನು ಹಳ್ಳದ ನಡುವೆ ನಿಲ್ಲಿಸಿಕೊಂಡು ಕೂತ. ಆ ಊರಿಗೆ ಕಲ್ಲು ಬೇಡ. ತನ್ನೂರಿನವರು ಕಿತ್ತು ಕಳಿಸಿದ್ದಾರೆ. ಹಳ್ಳಕ್ಕೆ ಉರುಳಿಸಲು ಮನಸ್ಸು ಬರಲಿಲ್ಲ. ಕಲ್ಲನ್ನು ತಿರುಗಿ ನೋಡಿದ. ತಲೆತಲಾಂತರದಿಂದ ಎಣ್ಣೆ ತಿಕ್ಕಿ ತಿಕ್ಕಿ ವೀರನ ಮೂಗು ಕಣ್ಣು ಸವೆದುಹೋಗಿದ್ದವು. ತಿಕ್ಕಿದವರಲ್ಲಿ ತನ್ನ ಅಪ್ಪನೂ ಇದ್ದ. ಅವನಿಗೆ ಅಳು ಬಂತು. ಯಾತಕ್ಕೆ ಅಳುತ್ತಿದ್ದೇನೆಂದು ಮಾತ್ರ ಗೊತ್ತಾಗಲಿಲ್ಲ. ಗಾಡಿ ತಿರುಗಿಸಿ ಊರಿಗೆ ಬಂದು, ಹಳೆಯ ಜಾಗದಲ್ಲೇ ಗುಂಡಿ ಸರಿಮಾಡಿ, ಕಲ್ಲನ್ನು ಹೇಗೋ ಒಬ್ಬನೇ ಎತ್ತಿ ನಿಲ್ಲಿಸಿದ.

ಅಮಾವಾಸ್ಯೆ ಬಂತು. ರೈತ ಎಣ್ಣೆ ತಂದ. ಕಲ್ಲಿನಲ್ಲಿರುವವನು ನಿನಗೇನಾಗಬೇಕು ಎಂದು ಜನ ಕೇಳಿದರು. ಗೊತ್ತಿಲ್ಲ ಎಂದ. ಸುಮ್ಮನೆ ಎಣ್ಣೆ ಎರೆದು ಕೈಮುಗಿದು ಮನೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅದು ತಪ್ಪಲ್ಲವೇ ಗುರುಗಳೇ? ಕೊಂದವರ ವಂಶದವನಿಗೆ ಸತ್ತವನ ಕಲ್ಲಿಗೆ ಎಣ್ಣೆ ಎರೆಯುವ ಹಕ್ಕು ಎಲ್ಲಿಂದ ಬಂತು?"

"ಸತ್ತವನ ಕಡೆಯವರೆಲ್ಲ ಓಡಿಹೋಗಿದ್ದರಲ್ಲ ಮಗು, ಹಾಗಾದರೆ ಆ ಕಲ್ಲು ನಿಲ್ಲಿಸಿ ಮೊದಲ ಸಲ ಎಣ್ಣೆ ಎರೆದ ಕೈ ಯಾರದು?"